ಮೈಯ ಕೊಬ್ಬನ್ನು ಅಳೆಯುವ ಬಗೆ

ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಎತ್ತು ಕೊಳ್ಳುವವನು ತೂಕವನ್ನು ಕೇಳುವುದಿಲ್ಲ. ಪಕ್ಕೆಯ ಮೇಲೆ ಕೈಯಾಡಿಸಿ ಮೈಕಟ್ಟನ್ನು ತಿಳಿಯುವನು. ನಾವಾದರೋ ನಮ್ಮ ಮೈಯ ವಿಷಯದಲ್ಲಿ ತಕ್ಕಡಿಯೊಂದನ್ನೇ ನಂಬಿರುವೆವು. ಮಾಂಸವೆಷ್ಟು, ಕೊಬ್ಬೆಷ್ಟು ಎಂಬುದನ್ನು ತಕ್ಕಡಿಯು ಬೇರ್ಪಡಿಸಿ ಹೇಳಲಾರದು.

ಪುಣೆಯ ಡಾಕ್ಟರ್ ಯಾಜ್ಞಿಕರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ನರೂ ತಮ್ಮ ಮೈಯನ್ನೇ ಅಳೆಯಿಸಿಕೊಂಡು 2004ರಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಪ್ರಮಾಣವು ಇಬ್ಬರಲ್ಲಿಯೂ ಒಂದೇ. ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ನಮ್ಮವರೂ ಸಕ್ಕರೆ ರೋಗಕ್ಕೆ ಗುರಿಯಾಗುವುದಕ್ಕೆ ಇದೊಂದು ಕಾರಣ.

ಕಡೂರು, ತರೀಕೆರೆಗಳಂಥ ಊರಿನವರು ಅಂಥ ಪರೀಕ್ಷೆಗಾಗಿ ದೊಡ್ಡ ಪಟ್ಟಣಕ್ಕೆ ಹೋಗಬೇಕಾದೀತು. ಅಷ್ಟು ಶ್ರಮ ಅವಶ್ಯವಿಲ್ಲ. ದರ್ಜಿಯ ಟೇಪು ಸಾಕು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಸಹಜವಾಗಿ ಉಸಿರು ಬಿಟ್ಟು, ಹೊಕ್ಕುಳಿನ ಮಟ್ಟದಲ್ಲಿ ಸುತ್ತಳತೆ ತೆಗೆಯತಕ್ಕದ್ದು. ಹೊಟ್ಟೆಯನ್ನು ಒಳಕ್ಕೆಳೆದುಕೊಂಡರೆ ಮೋಸಹೋಗುವವರು ನಾವೇ! ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳಬೇಕು.

ಶೇಕಡಾ ಲೆಕ್ಕವೇ ಬೇಕೆಂಬವರು ಕೊರಳಿನ ಅಳತೆಯನ್ನೂ ಎತ್ತರವನ್ನೂ ಸೇರಿಸಿ, ಅಮೆರಿಕದ ನೌಕಾದಳದ ಸಂಶೋಧಕರು 1984ರಲ್ಲಿ ರೂಪಿಸಿದ ಸೂತ್ರವನ್ನು ಬಳಸಬಹುದು. ಎತ್ತರ 165, ಹೊಟ್ಟೆ 92, ಕೊರಳು 36 ಸೆಂಟಿಮೀಟರ್ ಇರುವ ಗಂಡಸಿಗೆ ಸುಮಾರು 25 ಬರುವುದು. ಹೆಂಗಸರಿಗೆ ನಿತಂಬದ ಅಳತೆಯೂ ಬೇಕು. ಮೂರು ನಾಲ್ಕು ಅಂಶದಷ್ಟು ತಪ್ಪು ಸಹಜ.

ಪಾದಗಳ ಮೂಲಕ ಅಲ್ಪ ವಿದ್ಯುತ್ತನ್ನು ಹರಿಸಿ ಕೊಬ್ಬನ್ನು ಊಹಿಸುವ ತಕ್ಕಡಿಗಳೂ ಅಂಗಡಿಗಳಲ್ಲಿ ಉಂಟು. ಮೈಯ ನೀರು ಹೆಚ್ಚು ಕಡಿಮೆಯಾದರೆ ಅವುಗಳ ಲೆಕ್ಕವೂ ಬದಲಾಗುವುದು. ನಮಗೆ ಟೇಪೇ ಮೇಲು. ಆದರೆ ಹಳೆಯ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಮೊದಲು ಅಡಿಕೋಲಿಗೆ ಹಿಡಿದು ನೋಡಿಕೊಳ್ಳಿರಿ.