ತರುಣರ ಅಕ್ಷರಾಭ್ಯಾಸವೂ ಜೀವನೋಪಾಯವೂ

೧

ಬಾಲ್ಯದಲ್ಲಿ ಅಕ್ಷರವನ್ನು ಕಲಿಯದೆ ದುಡಿಮೆಗೆ ತೊಡಗಿದ ತರುಣ ತರುಣಿಯರಿಗೆ ವಿದ್ಯೆಯನ್ನು ಒದಗಿಸುವ ಕಾರ್ಯವು ಬಾಲಶಿಕ್ಷಣಕ್ಕಿಂತ ಹಲವು ಬಗೆಯಲ್ಲಿ ಭಿನ್ನವಾದುದು. ಮಗುವಿಗೆ ಕಾಲವುಂಟು, ಅನುಭವವಿಲ್ಲ. ತರುಣನಿಗೆ ಅನುಭವವುಂಟು, ಕಾಲವಿಲ್ಲ. ಹಗಲೆಲ್ಲ ಗಾರೆಕೆಲಸ ಮಾಡಿ ಬಂದವನಾಗಲಿ, ಕೂಲಿಯನ್ನೂ ಮನೆಗೆಲಸವನ್ನೂ ಮುಗಿಸಿ ಬಂದವಳಾಗಲಿ ರಾತ್ರಿಯ ಪಾಠಶಾಲೆಯಲ್ಲಿ ಕುಳಿತುಕೊಳ್ಳಬೇಕಾದರೆ, ಕಲಿತದ್ದು ತಮ್ಮ ಬಾಳಿಗೆ ಒದಗುವುದೆಂಬ ನಂಬಿಕೆ ಅವರಲ್ಲಿ ಹುಟ್ಟಬೇಕು. ಇದಕ್ಕಾಗಿ ಅಕ್ಷರವನ್ನು ಕಸುಬಿನೊಡನೆ ಹೊಂದಿಸಬೇಕೆಂಬುದು ಒಂದು ಪಕ್ಷ. ಕಸುಬನ್ನು ಮೀರಿದ ಸಂಸ್ಕಾರವನ್ನು ಕೊಡಬೇಕೆಂಬುದು ಇನ್ನೊಂದು ಪಕ್ಷ. ಇವುಗಳ ಬಲಾಬಲವನ್ನು ಚರಿತ್ರೆಯ ಕೆಲವು ದೃಷ್ಟಾಂತಗಳಿಂದ ಅರಿಯಬಹುದು.

೨

ಡೆನ್ಮಾರ್ಕ್ ದೇಶದ ಜನತಾ ಪ್ರೌಢಶಾಲೆಗಳು ಎರಡನೆಯ ಪಕ್ಷಕ್ಕೆ ಪ್ರಸಿದ್ಧವಾದ ನಿದರ್ಶನ. ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಡ್ವಿಗ್ (೧೭೮೩–೧೮೭೨) ಎಂಬಾತನ ವಿಚಾರಗಳಿಂದ ಪ್ರೇರಿತವಾಗಿ ಇವುಗಳಲ್ಲಿ ಮೊದಲನೆಯದು ೧೮೪೪ರಲ್ಲಿ ರೊಡ್ಡಿಂಗ್ ಎಂಬಲ್ಲಿ ಸ್ಥಾಪಿತವಾಯಿತು. ವಯಸ್ಸಿಗೆ ಬಂದ ರೈತ ಯುವಕರು ಬೇಸಾಯಕ್ಕೆ ಬಿಡುವಿರುವ ಚಳಿಗಾಲದಲ್ಲಿಯೂ, ಯುವತಿಯರು ಬೇಸಗೆಯಲ್ಲಿಯೂ ಅಲ್ಲಿಯೇ ವಾಸಮಾಡಿ ಕಲಿಯುವುದು ರೂಢಿಯಾಯಿತು. ಮಾತೃಭಾಷೆ, ದೇಶಚರಿತ್ರೆ, ಹಾಡು, ಸಂವಾದ ಇವು ಪ್ರಧಾನ; ಪರೀಕ್ಷೆ ಇಲ್ಲ. ೧೮೭೦ರ ದಶಕದಿಂದ ಹೊರದೇಶದ ಧಾನ್ಯದ ಪೈಪೋಟಿಯಿಂದ ಬೆಲೆ ಕುಸಿದಾಗ ಆ ದೇಶದ ರೈತರು ಹೈನುಗಾರಿಕೆಗೆ ತಿರುಗಿದರು. ೧೮೮೨ರಲ್ಲಿ ಯೆಡ್ಡಿಂಗ್ ಎಂಬಲ್ಲಿ ಮೊದಲ ಸಹಕಾರೀ ಹಾಲಿನ ಕಾರ್ಖಾನೆ ತೆರೆಯಿತು. ಇಂತಹ ಸಂಘಗಳ ಮುಂದಾಳುಗಳಲ್ಲಿ ಅನೇಕರು ಈ ಶಾಲೆಗಳಲ್ಲಿ ಕಲಿತವರೇ. ಆದರೆ ಒಂದು ಸಂಗತಿಯನ್ನು ಮರೆಯಲಾಗದು. ಡೆನ್ಮಾರ್ಕಿನಲ್ಲಿ ೧೮೧೪ರಲ್ಲಿಯೇ ಬಾಲಕರ ಶಿಕ್ಷಣವು ಕಡ್ಡಾಯವಾಗಿತ್ತು. ಶಾಲೆಗೆ ಬಂದ ತರುಣನು ಓದುಬರಹವನ್ನು ಬಲ್ಲವನಾಗಿದ್ದನು.

೩

ಈ ಮಾದರಿಯ ಪ್ರಭಾವವು ಮೈಸೂರನ್ನೂ ಮುಟ್ಟಿತು. ೧೯೪೦ರ ದಶಕದಲ್ಲಿ ಬೆಳೆದ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ಅಕ್ಷರ ವರ್ಗಗಳನ್ನು ನಡೆಸಿದುದಲ್ಲದೆ, ನಂಜನಗೂಡು ಮೊದಲಾದೆಡೆ ಗ್ರಾಮೀಣ ಯುವಕರಿಗಾಗಿ ವಿದ್ಯಾಪೀಠಗಳನ್ನು ತೆರೆಯಿತು. ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಅಕ್ಷರ ಕಲಿತವನಿಗೆ ಓದಲು ಏನಾದರೂ ದೊರೆಯದಿದ್ದರೆ ಕಲಿತದ್ದು ಅಳಿಸಿಹೋಗುವುದೆಂಬ ಅರಿವು ಈ ಕಾರ್ಯದ ಹಿಂದಿತ್ತು.

ಕಸುಬಿನ ಪಕ್ಷವು ಲೋಕದಲ್ಲಿ ಬಲಗೊಂಡುದು ತರುವಾಯ. ೧೯೬೫ರ ಟೆಹರಾನ್ ಸಮ್ಮೇಳನದ ಫಲವಾಗಿ ಯುನೆಸ್ಕೋ ಸಂಸ್ಥೆಯು ಭಾರತವೂ ಸೇರಿ ಹನ್ನೊಂದು ದೇಶಗಳಲ್ಲಿ ಅಕ್ಷರವನ್ನು ಉತ್ಪಾದನೆಗೆ ಕಟ್ಟುವ ಪ್ರಯೋಗವನ್ನು ನಡೆಸಿತು. ೧೯೭೬ರಲ್ಲಿ ಪ್ರಕಟವಾದ ಅದರ ವಿಮರ್ಶೆಯಲ್ಲಿ, ಸಾಕ್ಷರತೆಯನ್ನು ಕೇವಲ ತಾಂತ್ರಿಕ ಸಾಧನವೆಂದೆಣಿಸುವುದು ಸಾಲದು, ಕಲಿಯುವವರ ಸಮಾಜವನ್ನೂ ಸಂಸ್ಕೃತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ಅಭಿಪ್ರಾಯವು ವ್ಯಕ್ತವಾಯಿತು. ೧೯೬೭ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶ್ರಮಿಕ ವಿದ್ಯಾಪೀಠವು ಕಾರ್ಮಿಕರಿಗೆ ಕಸುಬಿನ ಕೌಶಲದೊಡನೆ ಸಾಮಾನ್ಯ ಜ್ಞಾನವನ್ನೂ ಕೊಡಲೆತ್ನಿಸಿತು. ಇಂತಹ ಸಂಸ್ಥೆಗಳೇ ೨೦೦೦ದಲ್ಲಿ ಜನ ಶಿಕ್ಷಣ ಸಂಸ್ಥಾನಗಳೆಂಬ ಹೆಸರನ್ನು ಪಡೆದವು.

೪

ಇವೆರಡು ಪಕ್ಷಗಳೂ ಪರಸ್ಪರ ವಿರುದ್ಧವಾಗಬೇಕಾಗಿಲ್ಲ ಎಂಬುದು ಕನ್ನಡದ ಪ್ರಥಮ ಪಾಠವನ್ನೇ ಪರೀಕ್ಷಿಸಿದರೆ ತಿಳಿಯುತ್ತದೆ. ವರ್ಣಮಾಲೆ, ಅನಂತರ ಕಾಗುಣಿತ, ಕೊನೆಗೆ ಒತ್ತಕ್ಷರ—ಇದು ಬಾಲಬೋಧೆಗಳ ಸಾಂಪ್ರದಾಯಿಕ ಕ್ರಮ. ಆದರೆ ಗಾರೆಯವನ ನಾಲಗೆಯ ಮೇಲಿರುವ ಶಬ್ದಗಳಾವುವು? ಕಲ್ಲು, ಇಟ್ಟಿಗೆ, ಸುಣ್ಣ. ದರ್ಜಿಯವಳಿಗೆ ಬಟ್ಟೆ, ಕತ್ತರಿ. ರೈತನಿಗೆ ಎತ್ತು, ಗೊಬ್ಬರ, ಭತ್ತ. ಮನೆಯಲ್ಲಿ ಅಮ್ಮ, ಅಕ್ಕ, ಅಣ್ಣ. ಇವೆಲ್ಲವೂ ಒತ್ತಕ್ಷರವುಳ್ಳ ಶಬ್ದಗಳು. ಹಳೆಯ ಕ್ರಮವನ್ನು ಹಿಡಿದರೆ, ತನ್ನ ಕೈಯ ಕೆಲಸದ ಹೆಸರನ್ನು ಬರೆಯಲು ತರುಣನು ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಆಡುಮಾತಿನಲ್ಲಿ ಅಪರೂಪವಾದ ಘ, ಝ, ಢ ಮುಂತಾದ ಅಕ್ಷರಗಳನ್ನು ತಿದ್ದಿ ಬೇಸತ್ತಿರುತ್ತಾನೆ. ಸಜಾತೀಯ ಒತ್ತಕ್ಷರಗಳನ್ನು ಮೊದಲ ವಾರಗಳಿಗೇ ತಂದು, ಮಹಾಪ್ರಾಣಗಳಲ್ಲಿ ಅಗತ್ಯವಾದವನ್ನುಳಿದು ಮಿಕ್ಕವನ್ನು ಮುಂದಕ್ಕೆ ಹಾಕಿದರೆ, ಕೂಲಿಯ ಲೆಕ್ಕ, ಅಳತೆಯ ಚೀಟಿ, ಹಾಜರಿಪಟ್ಟಿ ಇವುಗಳನ್ನು ಓದುವ ಶಕ್ತಿಯು ಬೇಗನೆ ಬರುತ್ತದೆ. ಓದದೆ ಹೆಬ್ಬೆಟ್ಟನ್ನೊತ್ತುವವನು ತನಗೆ ಸಲ್ಲಬೇಕಾದ ಹಣವೆಷ್ಟೆಂಬುದಕ್ಕೆ ಪರರ ಮಾತನ್ನೇ ನಂಬಬೇಕಾದುದರಿಂದ, ಇದು ಸಣ್ಣ ಲಾಭವಲ್ಲ.

ಗ್ರಂಥಭಾಷೆಗೂ ಆಡುಮಾತಿಗೂ ಇರುವ ಅಂತರವು ಇನ್ನೊಂದು ತೊಡಕು. ‘ಮನಿ’ ಎನ್ನುವ ಧಾರವಾಡದ ಕಡೆಯವನು ಪುಸ್ತಕದಲ್ಲಿ ‘ಮನೆ’ಯನ್ನು ಕಾಣುತ್ತಾನೆ, ‘ಬರ್ತಾನೆ’ ಎನ್ನುವ ಮೈಸೂರಿನ ಕಡೆಯವನು ‘ಬರುತ್ತಾನೆ’ ಎಂದು ಓದಬೇಕು. ಅವನ ಮಾತನ್ನು ತಪ್ಪೆಂದು ಹಳಿಯದೆ, ಎರಡು ರೂಪಗಳ ಸಂಬಂಧವನ್ನು ತೋರಿಸಿಕೊಡುವ ಉಪಾಧ್ಯಾಯನೇ ಇಲ್ಲಿ ಗೆಲ್ಲುತ್ತಾನೆ.

ಇಷ್ಟಕ್ಕೆ ನಿಂತರೆ ಕಸುಬಿನ ಪಕ್ಷವು ಗೆದ್ದಂತಾಗುವುದು. ಆದರೆ ಅಕ್ಷರವನ್ನರಿಯದ ತರುಣನು ಸಾಹಿತ್ಯವನ್ನರಿಯದವನಲ್ಲ. ಯಕ್ಷಗಾನದ ಪ್ರಸಂಗ, ಹರಿಕಥೆ, ತತ್ತ್ವಪದ ಇವು ಅವನಿಗೆ ಕಿವಿಯ ಮೂಲಕ ಬಂದಿವೆ. ಚೀಟಿಯನ್ನು ಓದಲು ಕಲಿತವನ ಕೈಗೆ ತಾನು ಕೇಳಿ ಬಲ್ಲ ಪದವನ್ನೇ ಅಚ್ಚಿನಲ್ಲಿ ಕೊಟ್ಟರೆ, ಅಕ್ಷರವು ಕೂಲಿಯ ಲೆಕ್ಕವನ್ನು ದಾಟಿ ಬೆಳೆಯುತ್ತದೆ. ಕಸುಬು ಅವನನ್ನು ಪಾಠಶಾಲೆಯ ಬಾಗಿಲಿಗೆ ತರಬಲ್ಲುದು. ಅಲ್ಲಿ ಉಳಿಸಿಕೊಳ್ಳುವ ಹೊಣೆಯಲ್ಲಿ ಬಹುಪಾಲು ಭಾಷೆಯನ್ನೂ ಸಾಹಿತ್ಯವನ್ನೂ ಬೋಧಿಸುವವರಿಗೆ ಸೇರಿದುದು.