ರದ್ದಿಯಿಂದ ರಟ್ಟಿನ ಹೊದಿಕೆಗೆ

ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿ, ಪುಟಗಳನ್ನು ಜೋಡಿಸಿ ಹೊಲಿದು, ರಟ್ಟು ಹಾಕಿಸಿ ಇಟ್ಟುಕೊಳ್ಳುವ ರೂಢಿ ಕನ್ನಡದ ಓದುಗರಿಗೆ ಹೊಸತಲ್ಲ. ಒಂದು ವಾರಕ್ಕೆಂದು ಅಚ್ಚಾದದ್ದು ಮರುವಾರ ಅಂಗಡಿಯ ಪೊಟ್ಟಣವಾಗಿ ಹೋಗಬಾರದೆಂಬ ಕಾಳಜಿಯೇ ಅದರ ಮೂಲ. ಇಂಥದೇ ಕಾಳಜಿಯಿಂದ 1965ರಲ್ಲಿ ಅಮೆರಿಕದಲ್ಲಿ ಒಂದು ಪುಸ್ತಕ ಹೊರಬಂದಿತು. ಹೆಸರು ‘ದಿ ಗ್ರೇಟ್ ಕಾಮಿಕ್ ಬುಕ್ ಹೀರೋಸ್’. ಸಂಪಾದಕರು ವ್ಯಂಗ್ಯಚಿತ್ರಕಾರ ಜೂಲ್ಸ್ ಫೈಫರ್. ಪ್ರಕಾಶಕರು ಡಯಲ್ ಪ್ರೆಸ್. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಕ್ಯಾಪ್ಟನ್ ಅಮೆರಿಕ, ಪ್ಲಾಸ್ಟಿಕ್ ಮ್ಯಾನ್ ಮೊದಲಾದ ಸಾಹಸವೀರರ ಹಳೆಯ ಚಿತ್ರಕಥೆಗಳನ್ನು ಅದು ಮರುಮುದ್ರಿಸಿತು. ಅವುಗಳಿಗೆ ಮುನ್ನುಡಿಯಾಗಿ ಫೈಫರ್ ಬರೆದ ದೀರ್ಘ ಪ್ರಬಂಧವೂ ಅದರಲ್ಲಿತ್ತು.

ಆ ಕಥೆಗಳು ಮೊದಲು ಬಂದದ್ದು ಹತ್ತು ಸೆಂಟಿನ ಪುಸ್ತಿಕೆಗಳಲ್ಲಿ. 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಮರುವರ್ಷ ಬ್ಯಾಟ್‌ಮ್ಯಾನ್ ಬಂದ. ಅಗ್ಗದ ಮರದ ತಿರುಳಿನ ಕಾಗದವಾದುದರಿಂದ ಪುಟಗಳು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಮುರಿಯುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೇಶದ ಅಗತ್ಯಕ್ಕೆಂದು ಮನೆಮನೆಗಳಿಂದ ಕಾಗದವನ್ನು ಸಂಗ್ರಹಿಸಿದಾಗ ಇಂಥ ಪುಸ್ತಿಕೆಗಳೂ ರಾಶಿರಾಶಿಯಾಗಿ ಹೋದವು. ಯುದ್ಧ ಮುಗಿದ ಮೇಲೆ ಕೆಲವು ಊರುಗಳಲ್ಲಿ ಹಿರಿಯರು ಅವನ್ನು ಶಾಲಾಮಕ್ಕಳ ಕೈಯಿಂದಲೇ ಬೆಂಕಿಗೆ ಹಾಕಿಸಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಬಾಲಾಪರಾಧಕ್ಕೆ ಈ ಪುಸ್ತಿಕೆಗಳೂ ಕಾರಣವೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಪ್ರಕಾಶಕರು ಬೆದರಿ ತಮಗೆ ತಾವೇ ಒಂದು ಕಟ್ಟುಪಾಡನ್ನು ವಿಧಿಸಿಕೊಂಡರು.

ಇದೆಲ್ಲ ಕಳೆದು ಹನ್ನೊಂದು ವರ್ಷಗಳಾದ ಮೇಲೆ ಬಂದ ಫೈಫರ್ ಅವರ ಪ್ರಬಂಧವು ಈ ಕಥೆಗಳನ್ನು ಉತ್ತಮ ಸಾಹಿತ್ಯವೆಂದು ಹೊಗಳಲಿಲ್ಲ. ಅವು ಕಸವೇ ಎಂದು ಅವರು ಒಪ್ಪಿಕೊಂಡರು. ಆದರೆ ದಿನವಿಡೀ ಹಿರಿಯರ ಅಪ್ಪಣೆಯಂತೆ ನಡೆಯಬೇಕಾದ ಮಗುವಿಗೆ, ಯಾರ ಮೆಚ್ಚುಗೆಯನ್ನೂ ಬಯಸದ ಈ ಕಸದಲ್ಲಿ ತನ್ನದೆಂಬ ಒಂದು ಮರೆಯ ಮೂಲೆ ದೊರೆಯುತ್ತದೆ ಎಂಬುದು ಅವರ ವಾದ. ಸೂಪರ್‌ಮ್ಯಾನನ ವಿಷಯದಲ್ಲಿ ಅವರ ನೋಟ ಇನ್ನೂ ಸೂಕ್ಷ್ಮವಾದುದು. ಇತರ ವೀರರು ಸಾಮಾನ್ಯ ಮನುಷ್ಯರಾಗಿದ್ದು ವೀರವೇಷ ತೊಡುತ್ತಾರೆ. ಸೂಪರ್‌ಮ್ಯಾನನಾದರೋ ಹುಟ್ಟಿನಿಂದಲೇ ವೀರ, ಅಳುಕಿನ ಪತ್ರಕರ್ತ ಕ್ಲಾರ್ಕ್ ಕೆಂಟ್ ಎಂಬುದೇ ಅವನು ತೊಟ್ಟ ವೇಷ.

ಫೈಫರ್ ಇದನ್ನು ಹೊರಗೆ ನಿಂತು ಬರೆದವರಲ್ಲ. 1929ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿಯೇ ‘ದಿ ಸ್ಪಿರಿಟ್’ನ ಕರ್ತೃ ವಿಲ್ ಐಸ್ನರ್ ಅವರ ಬಳಿ ಸಹಾಯಕರಾಗಿ ಸೇರಿದವರು. ರಾತ್ರಿಯೆಲ್ಲ ಕುಳಿತು, ಗಡುವಿಗೆ ಹೆದರಿ, ಪುಟಲೆಕ್ಕದ ಕೂಲಿಗೆ ಚಿತ್ರ ಬರೆಯುತ್ತಿದ್ದ ತರುಣರ ಬದುಕು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುಮುದ್ರಣದ ಮುಖ್ಯ ಪ್ರಶ್ನೆ ಇರುವುದೂ ಇಲ್ಲಿಯೇ: ಕಥೆ ಉಳಿದರೆ ಅದನ್ನು ಕಟ್ಟಿದವನೂ ಉಳಿಯುತ್ತಾನೆಯೇ? ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಜೆರಿ ಸೀಗೆಲ್ ಮತ್ತು ಜೋ ಶೂಸ್ಟರ್, ಅವನ ಸಮಸ್ತ ಹಕ್ಕನ್ನೂ 1938ರಲ್ಲಿ 130 ಡಾಲರುಗಳಿಗೆ ಬರೆದುಕೊಟ್ಟಿದ್ದರು. ವರ್ಷಕ್ಕೆ ತಲಾ 20,000 ಡಾಲರುಗಳ ಜೀವನಾಂಶವೂ ಕಥೆಯ ಮೇಲೆ ತಮ್ಮ ಹೆಸರೂ ಅವರಿಗೆ ದೊರೆತದ್ದು 1975ರ ಕೊನೆಯಲ್ಲಿ. ಬ್ಯಾಟ್‌ಮ್ಯಾನನ ರೂಪ, ಸ್ವಭಾವಗಳನ್ನು ತಿದ್ದಿ ಅವನ ಮೊದಲ ಕಥೆಯನ್ನು ಬರೆದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು. ಚಿತ್ರಕಾರ ಬಾಬ್ ಕೇನ್ ಒಬ್ಬರ ಹೆಸರೇ ಇದ್ದೆಡೆಯಲ್ಲಿ ಫಿಂಗರ್ ಹೆಸರನ್ನೂ ಸೇರಿಸಲು ಪ್ರಕಾಶನ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಹಕ್ಕಿನ ತಕರಾರು ಈ ಸಂಕಲನದ ಪುಟಗಳಲ್ಲಿಯೂ ಗುರುತು ಬಿಟ್ಟಿದೆ. ಒಂದು ಕಾಲಕ್ಕೆ ಸೂಪರ್‌ಮ್ಯಾನನಿಗಿಂತ ಹೆಚ್ಚು ಮಾರಾಟವಾಗುತ್ತಿದ್ದ ಕ್ಯಾಪ್ಟನ್ ಮಾರ್ವೆಲ್ ಸೂಪರ್‌ಮ್ಯಾನನ ನಕಲೆಂಬ ಆರೋಪದ ಮೇಲೆ ನಡೆದ ದೀರ್ಘ ವ್ಯಾಜ್ಯ 1953ರಲ್ಲಿ ರಾಜಿಯಲ್ಲಿ ಮುಗಿದು, ಆ ಪಾತ್ರದ ಪ್ರಕಟಣೆ ನಿಂತುಹೋಯಿತು. ಫೈಫರ್ ಸಂಕಲನದಲ್ಲಿ ಅವನ ಪಾಲಿಗೆ ಬಂದದ್ದು ಒಂದೇ ಪುಟ.

2003ರಲ್ಲಿ ಈ ಕೃತಿ ಮತ್ತೆ ಅಚ್ಚಾಯಿತು. ಆದರೆ ಆ ಆವೃತ್ತಿಯಲ್ಲಿ ಪ್ರಬಂಧವಷ್ಟೇ ಇದ್ದು ಹಳೆಯ ಚಿತ್ರಕಥೆಗಳನ್ನು ಕೈಬಿಡಲಾಗಿತ್ತು. ಅಷ್ಟು ಹೊತ್ತಿಗೆ ಆ ಕಥೆಗಳನ್ನು ಅವುಗಳ ಒಡೆಯರೇ ದುಬಾರಿ ಸಂಪುಟಗಳಲ್ಲಿ ತರತೊಡಗಿದ್ದರು. ಒಮ್ಮೆ ಬೆಂಕಿಗೆ ಬಿದ್ದದ್ದು ಈಗ ಗಾಜಿನ ಕಪಾಟಿನಲ್ಲಿದೆ. ಫೈಫರ್ 2025ರ ಜನವರಿಯಲ್ಲಿ ನಿಧನರಾದರು.

ಇಂಥ ಸಂಕಲನವೊಂದು ಕೈಗೆ ಬಂದಾಗ ಚಿತ್ರಗಳ ಬಣ್ಣವನ್ನು ನೋಡಿ ಸಂತೋಷಪಡುವುದು ಸಹಜ. ಜೊತೆಗೆ ಪ್ರತಿ ಕಥೆಯ ಮೊದಲ ಪುಟದಲ್ಲಿ ಬರೆದವರ, ಚಿತ್ರಿಸಿದವರ ಹೆಸರಿದೆಯೇ ಎಂದೂ ನೋಡಬೇಕು. ರಟ್ಟು ಪುಟಗಳನ್ನು ಕಾಪಾಡೀತು. ದುಡಿದವರ ಹೆಸರನ್ನು ಉಳಿಸುವುದು ಸಂಪಾದಕರ ಹಾಗೂ ಓದುಗರ ಹೊಣೆ.