ಸೋತ ಹುಡುಗರಿಗೆ ಇನ್ನೊಂದು ಮ್ಯಾಚು ಕೊಡಿ

ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಗಳ ದಿನ ಬಂತೆಂದರೆ ಜಿಲ್ಲೆಯ ಊರುಗಳಲ್ಲಿ ಎರಡು ಥರದ ಮಾತು ಕೇಳಿಬರುತ್ತದೆ. ತಂಡ ಗೆದ್ದರೆ "ನಮ್ಮ ಹುಡುಗರು". ಸೋತರೆ "ಆ ಕಾಲೇಜಿನ ಹುಡುಗರು". ಬೆಳಿಗ್ಗೆ ನಮ್ಮವರಾಗಿದ್ದವರು ಸಂಜೆಗೆ ಪರರಾಗುವುದು ಹೇಗೆ ಅಂತ ಯಾರೂ ಕೇಳುವುದಿಲ್ಲ.

ತಂಡದ ತುಂಬ ಹೊಸ ಮುಖಗಳೇ ಇರುವ ವರ್ಷವಂತೂ ಕೇಳುವುದೇ ಬೇಡ. "ಹೋದ ವರ್ಷದ ಟೀಮು ನೋಡಬೇಕಿತ್ತು ಕಣ್ರೀ, ಈ ಸಲದ್ದು ಬರೀ ಚಿಳ್ಳೆಪಿಳ್ಳೆ" ಅಂತ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ತೀರ್ಪು ಆಗಿಹೋಗುತ್ತದೆ. ಮೈದಾನದ ಕಡೆ ತಲೆ ಹಾಕದವರೂ ಆ ತೀರ್ಪಿಗೆ ಸಹಿ ಹಾಕುತ್ತಾರೆ. ಜರ್ಸಿಗೆ ದುಡ್ಡು ಕೊಡುತ್ತಿದ್ದ ಅಂಗಡಿಯವರು "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಮುಂದಿನ ವರ್ಷ ನೋಡುವುದಕ್ಕೆ ತಂಡ ಇರುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

ಮೂರು ವರ್ಷದ ಬೆಳೆ

ಕಾಲೇಜು ತಂಡ ಕ್ಲಬ್ಬಿನ ತಂಡದ ಹಾಗಲ್ಲ. ಕ್ಲಬ್ಬಿನಲ್ಲಿ ಒಬ್ಬ ಗಟ್ಟಿ ಬ್ಯಾಕ್ ಸಿಕ್ಕಿದರೆ ಹತ್ತು ವರ್ಷ ಆಡಿಸಬಹುದು. ಕಾಲೇಜಿನಲ್ಲಿ ಡಿಗ್ರಿ ಮುಗಿದ ದಿನ ಅವನ ಆಟವೂ ಮುಗಿಯಿತು. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಪದವಿ ಅಂತ ಶುರುಮಾಡಿದರು. 2024-25ರಿಂದ ಮತ್ತೆ ಮೂರಕ್ಕೇ ತಂದು ನಿಲ್ಲಿಸಿದರು. ಅಂದರೆ ಒಬ್ಬ ಹುಡುಗ ಕಾಲೇಜಿನ ಬಣ್ಣ ತೊಟ್ಟು ಆಡುವುದು ಹೆಚ್ಚೆಂದರೆ ಮೂರು ಹಂಗಾಮು. ಮೊದಲ ವರ್ಷ ಬೆಂಚು ಕಾಯುವುದು, ಎರಡನೇ ವರ್ಷ ಪೆಟ್ಟು ತಿಂದು ಕಲಿಯುವುದು, ಮೂರನೇ ವರ್ಷ ಆಡುವುದು. ಆಟ ಕೈಗೆ ಹತ್ತಿತು ಅನ್ನುವಾಗಲೇ ಮಾರ್ಕ್ಸ್ ಕಾರ್ಡು ಹಿಡಿದು ಕೆಲಸ ಹುಡುಕಲು ಹೊರಡಬೇಕು.

ಒಂದೊಂದು ವರ್ಷ ಹಿರಿಯರೆಲ್ಲ ಒಟ್ಟಿಗೇ ಹೋಗಿಬಿಡುತ್ತಾರೆ. ಹನ್ನೊಂದರಲ್ಲಿ ಆರೇಳು ಜನ ಖಾಲಿ. ಉಳಿಯುವವರು ಹದಿನೆಂಟು ಹತ್ತೊಂಬತ್ತರ ಹುಡುಗರು. ಇಂಥ ತಂಡ ಸೋಲುವುದರಲ್ಲಿ ಆಶ್ಚರ್ಯವಿಲ್ಲ. ಹೇಗೆ ಸೋಲುತ್ತದೆ ಅನ್ನುವುದನ್ನು ಮಾತ್ರ ಸ್ವಲ್ಪ ಕಣ್ಣಿಟ್ಟು ನೋಡಬೇಕು.

ಹಿಂದಿನ ಸಾಲಿನ ನಾಲ್ವರು ಒಂದೇ ಹಗ್ಗಕ್ಕೆ ಕಟ್ಟಿದವರ ಹಾಗೆ ಮುಂದೆ ಹೋಗಬೇಕು, ಹಿಂದೆ ಬರಬೇಕು. ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದರೆ ಎದುರಾಳಿ ಫಾರ್ವರ್ಡಿಗೆ ಆಫ್‌ಸೈಡ್ ಇಲ್ಲ, ದಾರಿ ಸಲೀಸು. ಈ ಹೊಂದಾಣಿಕೆ ಪುಸ್ತಕ ಓದಿ ಬರುವುದಿಲ್ಲ, ಒಟ್ಟಿಗೆ ಆಡಿ ಆಡಿಯೇ ಬರಬೇಕು. ಗೋಲಿಯ ಕಷ್ಟ ಇನ್ನೊಂದು. ಅವನಿಗೆ ಮೈದಾನ ಪೂರ್ತಿ ಕಾಣುತ್ತದೆ, ಕೂಗಿ ಹೇಳಬೇಕಾದವನು ಅವನೇ. ಆದರೆ ಫಸ್ಟ್ ಇಯರ್ ಹುಡುಗ ಫೈನಲ್ ಇಯರ್ ಬ್ಯಾಕನ್ನು ಗದರುವುದು ಹೇಗೆ? "ಅಣ್ಣಾ, ಎಡಗಡೆ ಒಬ್ಬ ಬರ್ತಾ ಇದಾನೆ ಅಣ್ಣಾ" ಅಂತ ಮರ್ಯಾದೆಯಾಗಿ ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಬಲೆಯಲ್ಲಿ ಇರುತ್ತದೆ.

ಇನ್ನು ಕೊನೆಯ ಇಪ್ಪತ್ತು ನಿಮಿಷ. ಬೆಳಿಗ್ಗೆ ಮೊದಲ ಬಸ್ಸಿಗೆ ಹಳ್ಳಿಯಿಂದ ಹೊರಟು, ಮಧ್ಯಾಹ್ನ ಡಬ್ಬಿಯ ಅನ್ನ ಉಂಡು, ಸಂಜೆ ಪ್ರಾಕ್ಟೀಸಿಗೆ ನಿಂತ ಹುಡುಗನ ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಕಣ್ಣು ಊರಿನ ಬಸ್ಸಿನ ಹೊತ್ತಿನ ಮೇಲೆ. ಬೂಟಿನ ಚೀಲ ಹೆಗಲಿಗೆ ಹಾಕಿಕೊಂಡು ಫುಟ್‌ಬೋರ್ಡಿನಲ್ಲಿ ನೇತಾಡುವ ಈ ಹುಡುಗರನ್ನು ಬಸ್ಸಿನಲ್ಲಿ ಓಡಾಡುವವರು ನೋಡಿಯೇ ಇರುತ್ತಾರೆ. ಆ ಬಸ್ಸು ತಪ್ಪಿದರೆ ಮನೆ ಸೇರುವುದು ಯಾವಾಗಲೋ. ಹೀಗೆ ಅರ್ಧಕ್ಕೇ ಬಿಟ್ಟು ಓಡುವ ಪ್ರಾಕ್ಟೀಸಿನಿಂದ ತೊಂಬತ್ತು ನಿಮಿಷ ಓಡುವ ಕಾಲು ತಯಾರಾಗಲಿಕ್ಕೆ ಸಮಯ ಬೇಕು. ಎಪ್ಪತ್ತು ನಿಮಿಷ ಸಮಸಮ ಆಡಿದ ತಂಡ ಕಡೆಗೆ ಎರಡು ಗೋಲು ತಿನ್ನುವುದು ಇದರಿಂದಲೇ.

ಏಳು ಗೋಲಿನ ರಾತ್ರಿ

ಹೊಡೆತ ತಿಂದ ತಂಡ ಎದ್ದು ನಿಲ್ಲುತ್ತದೆಯೇ? ಇದಕ್ಕೆ ದೂರದ ಉದಾಹರಣೆ ಬೇಡ, ನಮ್ಮ ರಾಜ್ಯ ತಂಡದ್ದೇ ಇದೆ.

ಸಂತೋಷ್ ಟ್ರೋಫಿ ಅಂದರೆ ರಾಜ್ಯ ರಾಜ್ಯಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿ. 1941ರಲ್ಲಿ ಶುರುವಾದದ್ದು. ಮೈಸೂರು ಅನ್ನುವ ಹೆಸರಿದ್ದಾಗ ನಮ್ಮವರು ಇದನ್ನು ನಾಲ್ಕು ಸಲ ಗೆದ್ದಿದ್ದರು. ಕೊನೆಯದು 1968-69ರಲ್ಲಿ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಹೆಸರು ಬದಲಾದ ಮೇಲೆ ಕಪ್ಪು ಮಾತ್ರ ಈ ಕಡೆ ಬರಲೇ ಇಲ್ಲ. 1975-76ರಲ್ಲಿ ಫೈನಲ್ ತನಕ ಹೋಗಿ ಬಂಗಾಳಕ್ಕೆ ಸೋತದ್ದೂ ಆಯಿತು.

2022ರ ಏಪ್ರಿಲ್ 28. ಕೇರಳದ ಮಂಜೇರಿಯಲ್ಲಿ ಸೆಮಿಫೈನಲ್. ಕಿಕ್ಕಿರಿದ ಸ್ಟೇಡಿಯಂ, ಎದುರಾಳಿ ಕೇರಳವೇ. ಮೊದಲ ಗೋಲು ಹೊಡೆದದ್ದು ಕರ್ನಾಟಕ. ಅರ್ಧ ಗಂಟೆಯ ಹೊತ್ತಿಗೆ ಕೇರಳದವರು ಬೆಂಚಿನಲ್ಲಿದ್ದ ಜೆಸಿನ್ ಎಂಬ ಯುವಕನನ್ನು ಒಳಗೆ ಬಿಟ್ಟರು. ವಿರಾಮದ ಸೀಟಿ ಊದುವುದರೊಳಗೆ ಅವನೊಬ್ಬನದೇ ಮೂರು ಗೋಲು, ಕೇರಳದ್ದು ಒಟ್ಟು ನಾಲ್ಕು. ಆಟ ಮುಗಿದಾಗ ಜೆಸಿನ್‌ನದು ಐದು, ಕೇರಳ 7, ಕರ್ನಾಟಕ 3. ಸೆಮಿಫೈನಲ್ಲಿನಲ್ಲಿ ಏಳು ಗೋಲು ತಿನ್ನುವುದೆಂದರೆ ಸಣ್ಣ ಅವಮಾನವಲ್ಲ. ಕೇರಳ ಅದೇ ಹುರುಪಿನಲ್ಲಿ ಫೈನಲ್ಲಿನಲ್ಲಿ ಬಂಗಾಳವನ್ನೂ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ಪು ಹೊತ್ತುಕೊಂಡು ಹೋಯಿತು.

ಆ ರಾತ್ರಿ ನೋಡಿದವರು ಕರ್ನಾಟಕದ ಫುಟ್‌ಬಾಲಿಗೆ ಶ್ರದ್ಧಾಂಜಲಿ ಬರೆದಿದ್ದರೆ ತಪ್ಪೆನ್ನಲಾಗದು. ಆದರೆ ಹತ್ತೇ ತಿಂಗಳು ಕಳೆಯಿತು. 2023ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಕರ್ನಾಟಕ ಇದೇ ಕೇರಳವನ್ನು 1-0ಯಿಂದ ಸೋಲಿಸಿತು. ಹಿಂದಿನ ವರ್ಷದ ಚಾಂಪಿಯನ್ ಕೇರಳ ಸೆಮಿಫೈನಲ್ಲಿಗೂ ಬರಲಿಲ್ಲ. ಆ ಸಲ ಸೆಮಿಫೈನಲ್ಲು, ಫೈನಲ್ಲು ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಅಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ದಾಟಿ, ಮಾರ್ಚ್ 4ರಂದು ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಕಪ್ಪನ್ನು ಮನೆಗೆ ತಂದರು. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್.

ಈ ಹತ್ತು ತಿಂಗಳಲ್ಲಿ ಪವಾಡವೇನೂ ಆಗಲಿಲ್ಲ. ತರಬೇತುದಾರರು ಬದಲಾದರು, ರವಿಬಾಬು ರಾಜು ಬಂದರು. ತಂಡದಲ್ಲಿ ಹೊಸಬರು ಬಂದರು. ತಪ್ಪು ಮಾಡಿದ್ದನ್ನು ಮುಚ್ಚಿಡಲಿಲ್ಲ, ಹಾಗಂತ ಅಂಗಡಿಯ ಬಾಗಿಲನ್ನೂ ಹಾಕಲಿಲ್ಲ. ಮರುವರ್ಷ, 2024ರಲ್ಲಿ, ಕಪ್ಪು ಕೈತಪ್ಪಿ ಸರ್ವಿಸಸ್ ಪಾಲಾಯಿತು. ಮತ್ತೆ ಮೊದಲಿಂದ ಕಟ್ಟುವ ಕೆಲಸ. ಫುಟ್‌ಬಾಲಿನ ಜಾಯಮಾನವೇ ಅದು.

ಒಂದೇ ಮ್ಯಾಚಿಗೆ ಮುಗಿಯುವ ವರ್ಷ

"ರಾಜ್ಯ ತಂಡವೇ ಬೇರೆ, ಕಾಲೇಜು ತಂಡವೇ ಬೇರೆ" ಅಂದೀರಿ. ನಿಜ. ಆದರೆ ವ್ಯತ್ಯಾಸ ಎಲ್ಲಿದೆ ಅಂತ ನೋಡಿದರೆ ರೋಗದ ಬೇರು ಸಿಗುತ್ತದೆ.

ಬೆಂಗಳೂರಿನಲ್ಲಿ ಲೀಗ್ ಇದೆ. ಸೂಪರ್ ಡಿವಿಷನ್, ಎ ಡಿವಿಷನ್, ಬಿ, ಸಿ ಅಂತ ಮೆಟ್ಟಿಲು ಮೆಟ್ಟಿಲಾಗಿ. ಈ ವಾರ ಸೋತರೆ ಮುಂದಿನ ವಾರ ಇನ್ನೊಂದು ಆಟ ಕಾದಿರುತ್ತದೆ. ಸೋತದ್ದು ಯಾಕೆ ಅಂತ ತಿಳಿದುಕೊಂಡು ತಿದ್ದಿಕೊಳ್ಳಲು ಜಾಗ ಇರುತ್ತದೆ. ಜಿಲ್ಲೆಯ ಕಾಲೇಜಿನ ಹುಡುಗನಿಗೆ ಆ ಭಾಗ್ಯ ಎಲ್ಲಿದೆ? ಅಂತರ ಕಾಲೇಜು ಪಂದ್ಯಾವಳಿ ಹೆಚ್ಚಾಗಿ ನಾಕೌಟ್. ಸೋತರೆ ಸಾಮಾನು ಕಟ್ಟು. ಗೆದ್ದು ಬಂದವರಲ್ಲೂ ಆರಿಸಿದ ಕೆಲವರು ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯಕ್ಕೆ, ಅಲ್ಲಿಂದ ಅಖಿಲ ಭಾರತ ಮಟ್ಟಕ್ಕೆ. ಮೊದಲ ಮೆಟ್ಟಿಲಲ್ಲೇ ಜಾರಿದವರಿಗೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೆ ಸಮಾಪ್ತಿ. ವರ್ಷಪೂರ್ತಿ ಬೆವರು ಸುರಿಸಿದ್ದು ಒಂದೂವರೆ ಗಂಟೆಯ ಆಟಕ್ಕೆ.

ಸೋತು ಕಲಿಯಬೇಕು ಅಂತ ದೊಡ್ಡವರು ಉಪದೇಶ ಮಾಡುತ್ತಾರೆ. ಸರಿ ಸ್ವಾಮಿ, ಕಲಿತದ್ದನ್ನು ಆಡಿ ತೋರಿಸುವುದು ಎಲ್ಲಿ? ಆ ಗೋಲಿ ಹುಡುಗ ಕೂಗಬೇಕಿತ್ತು ಅಂತ ತಿಳಿದುಕೊಂಡ. ಮುಂದಿನ ಸಲ ಕೂಗಲು ಅವನು ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ "ಏನಪ್ಪಾ, ಎಷ್ಟು ಗೋಲು ತಿಂದೆ, ಹೊಟ್ಟೆ ತುಂಬಿತಾ?" ಅಂತ ಕೇಳಿಸಿಕೊಂಡು ಬೂಟು ಅಟ್ಟಕ್ಕೆ ಎಸೆದಿರುತ್ತಾನೆ. ಮರುವರ್ಷ ಆ ಜಾಗಕ್ಕೆ ಮತ್ತೊಬ್ಬ ಹೊಸಬ. ಮತ್ತೆ ಸೋಲು, ಮತ್ತೆ ಗೇಲಿ. ಹೀಗೆ ಮೂರು ವರ್ಷ ನಡೆದರೆ ತಂಡದ ಹೆಸರು ನೋಟಿಸ್ ಬೋರ್ಡಿನಲ್ಲಿ ಮಾತ್ರ ಉಳಿದೀತು.

ಪಕ್ಕದ ಕೇರಳವನ್ನೇ ನೋಡಿ. ಅಲ್ಲಿನ ಕ್ಯಾಲಿಕಟ್ ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಫುಟ್‌ಬಾಲನ್ನು ಹಲವು ಸಲ ಗೆದ್ದಿದೆ. ಆ ಸೀಮೆಯಲ್ಲಿ ಗದ್ದೆ ಕೊಯ್ಲಾದ ಮೇಲೆ ಸೆವೆನ್ಸ್ ಅಂತ ಏಳೇಳು ಜನರ ಪಂದ್ಯಾವಳಿ ಊರೂರಿಗೂ ನಡೆಯುತ್ತದೆ. ಅಲ್ಲಿನ ಹುಡುಗನಿಗೆ ಸೋಲು ಹೊಸದಲ್ಲ, ಮತ್ತೆ ಆಡುವ ಅವಕಾಶವೂ ದೂರವಿಲ್ಲ. ಬೆಂಚಿನಿಂದ ಎದ್ದು ಬಂದವನು ಐದು ಗೋಲು ಹೊಡೆಯುವುದು ಇಂಥ ನೆಲದಲ್ಲಿ.

ತಾಳ್ಮೆಗೂ ಒಂದು ಲೆಕ್ಕ

ತಾಳ್ಮೆ ಅಂದರೆ ಕಣ್ಣು ಮುಚ್ಚಿ ಕೂರುವುದಲ್ಲ. "ಹುಡುಗರು ಚಿಕ್ಕವರು, ಹೋಗ್ಲಿ ಬಿಡಿ" ಅನ್ನುವ ಮಾತಿನ ಮರೆಯಲ್ಲಿ ದೊಡ್ಡವರ ಸೋಮಾರಿತನ ಅಡಗಿಕೊಳ್ಳಬಾರದು. ಶಿಫಾರಸಿನ ಮೇಲೆ ಆಯ್ಕೆ ನಡೆದರೆ, ಪಂದ್ಯಕ್ಕೆ ಹದಿನೈದು ದಿನ ಇರುವಾಗ ಮಾತ್ರ ಮೈದಾನಕ್ಕೆ ಇಳಿಸಿದರೆ, ಆ ಸೋಲಿಗೆ ತಾಳ್ಮೆಯ ಮದ್ದು ಹಿಡಿಯುವುದಿಲ್ಲ. ಅಂಥ ಕಡೆ ಕಾಲೇಜಿನವರನ್ನು ಕೇಳಲೇಬೇಕು. ಇರುವ ಒಂದು ಮೈದಾನದಲ್ಲಿ ಈ ವಾರ ಸಭೆ, ಮುಂದಿನ ವಾರ ವಸ್ತುಪ್ರದರ್ಶನ, ಆಮೇಲೆ ಕಂಬ ನೆಟ್ಟ ಗುಂಡಿಗಳು. ಇದನ್ನೂ ಕೇಳಬೇಕು.

ಹಾಗಾದರೆ ತಂಡ ಬೆಳೆಯುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಗೋಲಿನ ಲೆಕ್ಕವೊಂದನ್ನೇ ಹಿಡಿದರೆ ಮೋಸ. ಕೊನೆಯ ಇಪ್ಪತ್ತು ನಿಮಿಷ ಕಾಲು ನಿಲ್ಲುತ್ತಿದೆಯೇ ನೋಡಿ. ಹಿಂದಿನ ನಾಲ್ವರು ಜೊತೆಯಾಗಿ ಚಲಿಸುತ್ತಿದ್ದಾರೆಯೇ ನೋಡಿ. ಗೋಲಿಯ ಗಂಟಲು ಬಿಟ್ಟಿದೆಯೇ ಕೇಳಿ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿದೆ. ಈ ವರ್ಷ ಸೋತ ಫಸ್ಟ್ ಇಯರ್ ಹುಡುಗರಲ್ಲಿ ಎಷ್ಟು ಜನ ಮುಂದಿನ ವರ್ಷ ಮತ್ತೆ ಬೂಟು ಕಟ್ಟುತ್ತಾರೆ? ಅಷ್ಟೂ ಜನ ಬಂದರೆ ತಂಡ ಗೆಲುವಿನ ದಾರಿಯಲ್ಲಿದೆ ಅಂತಲೇ ತಿಳಿಯಿರಿ. ಒಬ್ಬಿಬ್ಬರೇ ಬಂದರೆ ತಪ್ಪು ಹುಡುಗರದಲ್ಲ.

ಅಂಗಡಿ ಬೀದಿಯ ಪಾಲು

ಇದಕ್ಕೆಲ್ಲ ಲಕ್ಷಗಟ್ಟಲೆ ದುಡ್ಡು ಬೇಡ. ಫುಟ್‌ಬಾಲು ಬಡವರ ಆಟ. ಒಂದು ಚೆಂಡು, ಒಂದು ಪೀಪಿ, ಗೆರೆ ಎಳೆಯಲು ಸುಣ್ಣದ ಪುಡಿ, ಆಡಿದ ಮೇಲೆ ಹುಡುಗರಿಗೆ ಬಾಳೆಹಣ್ಣು, ನಿಂಬೆ ಪಾನಕ. ಕಾಲೇಜಿನ ತಂಡ, ಪಾಲಿಟೆಕ್ನಿಕ್ಕಿನ ತಂಡ, ಊರಿನ ಒಂದೆರಡು ಕ್ಲಬ್ಬು, ಡ್ಯೂಟಿ ಇಲ್ಲದ ಪೊಲೀಸರದ್ದೊಂದು ತಂಡ ಸೇರಿದರೆ ಶನಿವಾರ ಶನಿವಾರ ಒಂದು ಸಣ್ಣ ಲೀಗ್ ನಡೆಸಬಹುದು. ಕಪ್ಪು ಬೇಡ, ಮಂತ್ರಿಗಳ ಉದ್ಘಾಟನೆ ಬೇಡ, ಶಾಮಿಯಾನ ಬೇಡವೇ ಬೇಡ. ಆಟ ಬಸ್ಸಿನ ಹೊತ್ತಿಗೆ ಮುಗಿಯುವಂತೆ ಮಧ್ಯಾಹ್ನ ಮೂರೂವರೆಗೆ ಶುರುವಾದರೆ ಸಾಕು, ಹಳ್ಳಿ ಹುಡುಗರೂ ಪೂರ್ತಿ ಆಡಿಯಾರು.

ಜರ್ಸಿಯ ಬೆನ್ನಿಗೆ ಅಂಗಡಿಯ ಹೆಸರು ಹಾಕಿಸುವವರಿಗೂ ಒಂದು ಮಾತು. ವ್ಯಾಪಾರ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಗಡಿ ತೆರೆದ ಮೊದಲ ವರ್ಷವೇ ಲಾಭ ಕಂಡವರು ಈ ಬೀದಿಯಲ್ಲಿ ಎಷ್ಟು ಜನ ಇದ್ದಾರೆ? ಬಾಡಿಗೆ ಕಟ್ಟಿ, ಸಾಲ ತೀರಿಸಿ, ಗಿರಾಕಿ ಹಿಡಿತಕ್ಕೆ ಬರುವ ತನಕ ಬಾಗಿಲು ತೆರೆದೇ ಕೂರಲಿಲ್ಲವೇ? ಗೆದ್ದ ತಂಡಕ್ಕೆ ಹಾರ ಹಾಕಿ ಫೋಟೋಕ್ಕೆ ನಿಲ್ಲಲು ಜನ ಸಾಕಷ್ಟು ಸಿಗುತ್ತಾರೆ. ಹಾರದ ದುಡ್ಡಿನಲ್ಲಿ ಎರಡು ಚೆಂಡು ಬರುತ್ತದೆ, ಅದನ್ನು ಸೋತ ವರ್ಷವೇ ಕೊಡಿಸಿದರೆ ಲೆಕ್ಕ ಸರಿಹೋಗುತ್ತದೆ.

ಬಸ್ಸಿನಲ್ಲಿ ಪಕ್ಕ ಬಂದು ನಿಂತ ಹುಡುಗನ ಹೆಗಲಲ್ಲಿ ಬೂಟಿನ ಚೀಲ ಕಂಡರೆ ಎಷ್ಟು ಗೋಲು ಬಿತ್ತು ಅಂತ ಕೇಳಬೇಡಿ. ಮುಂದಿನ ಆಟ ಯಾವತ್ತು ಅಂತ ಕೇಳಿ. ಆ ಪ್ರಶ್ನೆಗೆ ಅವನ ಹತ್ತಿರ ಒಂದು ತಾರೀಖು ಇರುವಂತೆ ಮಾಡುವುದು ಕಾಲೇಜಿನವರ ಕೆಲಸ, ಊರಿನವರ ಕೆಲಸ.